ಗುಳ್ಳೆಗಳಿಗೆ ಸ್ಟೇಷನ್ ಇಲ್ಲ

ಬೊರಿವಲಿಯಲ್ಲಿ ಇಳಿಯಬೇಕಾದ ನಾನು ಮೊನ್ನೆ ಶುಕ್ರವಾರ ಮೀರಾ ರೋಡ್‌ನಲ್ಲಿ ಇಳಿದೆ. ಇಳಿದೆ ಅನ್ನುವುದೂ ಸುಳ್ಳೇ. ಅಲ್ಲಿ ಯಾರೋ ಇಳಿಯುತ್ತಿದ್ದರು, ಅವರ ಜೊತೆ ನಾನೂ ಹೊರಗೆ ಬಿದ್ದೆ.

ತಪ್ಪು ನನ್ನದೇ ಎಂದು ಲೇಡೀಸ್ ಡಬ್ಬಿ ತೀರ್ಪು ಕೊಟ್ಟಿತು. ಸಂಜೆ ಹೊತ್ತು ಅಂಧೇರಿಯಲ್ಲಿ ವಿರಾರ್ ಲೋಕಲ್ ಹತ್ತಿದ್ದೆ. ಮುಂಬೈಗೆ ಹೊಸಬರಾದವರು ಕೇಳಿಸಿಕೊಳ್ಳಿ: ಸಂಜೆಯ ವಿರಾರ್ ಲೋಕಲ್ಲಿಗೆ ಬೊರಿವಲಿಯವರು ಹತ್ತಬಾರದು. ಗಾಡಿ ಬೊರಿವಲಿಯಲ್ಲಿ ನಿಲ್ಲುತ್ತದೆ. ಟಿಕೆಟ್ ನಡೆಯುತ್ತದೆ. ಆದರೂ ಹತ್ತಬಾರದು. ಈ ಕಾನೂನನ್ನು ರೈಲ್ವೆಯವರು ಎಲ್ಲೂ ಬರೆದಿಲ್ಲ, ದೂರ ಹೋಗುವವರು ತಾವೇ ಮಾಡಿ ತಾವೇ ಜಾರಿಗೊಳಿಸಿದ್ದಾರೆ.

ಕಾಂದಿವಲಿ ದಾಟುವಾಗಲೇ "ಬೊರಿವಲಿ ಉತರ್ನಾ ಹೈ" ಎಂದು ಕೂಗತೊಡಗಿದೆ. ಬಾಗಿಲಿನ ಕಂಬ ಹಿಡಿದು ನಿಂತಿದ್ದ ಆಂಟಿ ತಲೆ ತಿರುಗಿಸಲಿಲ್ಲ. "ಬೊರಿವಲಿ ಕಾ ಹೈ ತೋ ಬೊರಿವಲಿ ಲೋಕಲ್ ಪಕಡೋ ನಾ, ಬೇಟಾ" ಅಂದರು. ಬೊರಿವಲಿಯವಳಾದರೆ ಬೊರಿವಲಿ ಲೋಕಲ್ಲೇ ಹಿಡಿಯಬಾರದೇ, ಮಗಳೇ, ಎಂದು. (ಆ 'ಬೇಟಾ'ದಲ್ಲಿ ಪ್ರೀತಿ ಇರಲಿಲ್ಲ.)

ಕಾಲೇಜಿನಲ್ಲಿ ನಾನು ಡಿಬೇಟ್ ಟೀಮಿನವಳು. ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದು ಅಂದಿನಿಂದ ಅಂಟಿದ ಚಟ. ಆದರೆ ಮೊಣಕೈಗೆ ಎದುರಾಗಿ ಏನು ವಾದ ಮಾಡುತ್ತೀರಿ? ಬೊರಿವಲಿ ಬಂತು, ಕಣ್ಣೆದುರೇ ನಿಂತಿತು, ಹೋಯಿತು. ದಹಿಸರ್ ಕೂಡ ಹಾಗೆಯೇ. ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಸರಿಯಲಾರದೆ, ಒಂದು ಕಾಲಿನ ಮೇಲೆ ಅಂಟಿಕೊಂಡು ನಿಂತಿದ್ದಾಗ ನನಗೆ ಹೊಳೆಯಿತು: ಅರೇ, ನಾನೀಗ ನಮ್ಮ ವೈನಿಯ ಗುಳ್ಳೆ!

ಇದು ಅರ್ಥವಾಗಬೇಕಾದರೆ ನಿಮಗೆ ವೈನಿಯ ಪರಿಚಯವಾಗಬೇಕು.

ವೈನಿ ಅಂದರೆ ಅಣ್ಣನ ಹೆಂಡತಿ. ಬೆಳಗಾವಿ ಕಡೆಯ ನಮ್ಮಂಥವರ ಮನೆಗಳಲ್ಲಿ ಅತ್ತಿಗೆಗೆ ಹೀಗೇ ಅನ್ನುವುದು, ಮರಾಠಿಯ ಬಳುವಳಿ. ಹೆಸರು ಸ್ಮಿತಾ, ಹುಟ್ಟಿದ್ದು ವಿಜಯಪುರ, ಕಲಿತದ್ದು ಕೆಮಿಕಲ್ ಎಂಜಿನಿಯರಿಂಗ್, ಇರುವುದು ಚೆಂಬೂರು. ಗೋವಂಡಿ ಕಡೆಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವರು ಕೆಲಸ ಮಾಡುವ ಸಣ್ಣ ಕಂಪನಿಯ ಗಾಳಾ ಇದೆ. (ಮೀನು ಹಿಡಿಯುವ ಗಾಳ ಅಲ್ಲ. ವರ್ಕ್‌ಶಾಪಿಗೆಂದು ಬಾಡಿಗೆ ಹಿಡಿಯುವ ಶೆಡ್ಡಿಗೆ ಈ ಊರು ಇಟ್ಟ ಹೆಸರು.) ಅಲ್ಲಿ ಅವರು ನೀರನ್ನು ಒಡೆಯುತ್ತಾರೆ. ಕ್ಷಾರ ಬೆರೆಸಿದ ನೀರು, ಅದರಲ್ಲಿ ಎರಡು ಲೋಹದ ಪ್ಲೇಟು, ನಡುವೆ ತೆಳುವಾದ ಪರದೆ; ಇಷ್ಟು ಸೇರಿದರೆ ಒಂದು 'ಸೆಲ್'. ಕರೆಂಟ್ ಬಿಟ್ಟರೆ ಒಂದು ಪ್ಲೇಟಿನ ಮೇಲೆ ಆಮ್ಲಜನಕ, ಇನ್ನೊಂದರ ಮೇಲೆ ಜಲಜನಕ. ನಾಳೆ ಲಾರಿ ಓಡಿಸುವುದು, ಗೊಬ್ಬರ ಮಾಡುವುದು, ಉಕ್ಕು ಕರಗಿಸುವುದು ಎಲ್ಲವೂ ಇದರಿಂದಲೇ ಅನ್ನುತ್ತಾರೆ.

"ಜಲಜನಕ ಅಂದ್ರ ಯಾರು? ಸೀತಾದೇವಿ ಕಾಕಾನ?" ಎಂದು ಅಣ್ಣ ಒಮ್ಮೆ ಕೇಳಿದ್ದ. ಮುಂಬೈಯಲ್ಲೇ ಬೆಳೆದವನು, ಅವನಿಗೆ ಹೈಡ್ರೋಜನ್ ಅಂದರೆ ಮಾತ್ರ ಗೊತ್ತು.

'ಗ್ರೀನ್ ಹೈಡ್ರೋಜನ್' (ಬಿಸಿಲು, ಗಾಳಿಯ ಕರೆಂಟಿನಿಂದ ಮಾಡಿದ್ದು) ಅಂದರೆ ನನಗೆ ಮೊದಲಿನಿಂದಲೂ ಅನುಮಾನ. ಬಣ್ಣ ಹಚ್ಚಿಕೊಂಡು ಬರುವ ಯಾವ ಮಾತನ್ನೂ ನಾನು ಹಾಗೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ವೈನಿ ಭಾಷಣ ಮಾಡುವವರಲ್ಲ. ಅವರ ತಲೆಯಲ್ಲಿ ದೇಶದ ಭವಿಷ್ಯ ಇಲ್ಲ. ಗುಳ್ಳೆ ಇದೆ.

"ಕರೆಂಟ್ ಬಿಟ್ಟ ಕೂಡ್ಲೇ ಪ್ಲೇಟಿನ ಮ್ಯಾಲೆ ಗ್ಯಾಸಿನ ಗುಳ್ಳಿ ಹುಟ್ಟತಾವು" ಎಂದು ಅವರು ಹಿಂದೊಮ್ಮೆ ನನಗೆ ಬಿಡಿಸಿ ಹೇಳಿದ್ದರು. "ಹುಟ್ಟಿದ್ದು ಎದ್ದು ಹೋಗಬೇಕಲ್ಲ? ಹೋಗೂದಿಲ್ಲ. ಅಲ್ಲೇ ಅಂಟ್ಕೊಂಡು ಕೂಡತಾವು. ಗುಳ್ಳಿ ಕೂತಲ್ಲಿ ನೀರು ಮುಟ್ಟೂದಿಲ್ಲ. ನೀರು ಮುಟ್ಟದ ಜಾಗಾ ಸತ್ತ ಜಾಗಾ. ಉಳಿದ ಜಾಗಾದಾಗ ಎಲ್ಲಾ ಕೆಲಸ ಆಗಬೇಕು. ಅಷ್ಟs ಗ್ಯಾಸಿಗೆ ಕರೆಂಟ್ ಜಾಸ್ತಿ ತಿಂತೈತಿ."

ಜಗತ್ತೆಲ್ಲ ಪ್ಲೇಟಿಗೆ ಯಾವ ಹೊಸ ಲೋಹದ ಲೇಪ ಹಚ್ಚೋಣ ಎಂದು ಯೋಚಿಸುತ್ತಿದ್ದರೆ ವೈನಿ ನೀರು ಹೇಗೆ ಹರಿಯಬೇಕು ಎಂದು ಯೋಚಿಸುತ್ತಾರೆ. ಪ್ಲೇಟಿನಲ್ಲಿ ನೀರು ಹರಿಯಲು ಕೊರೆದ ಸಣ್ಣ ಸಣ್ಣ ಕಾಲುವೆಗಳಿರುತ್ತವೆ. ಕಂಪನಿಯ ಪ್ಲೇಟಿನಲ್ಲಿ ಅವು ನೆಟ್ಟಗೆ ಇವೆ, ಗೆರೆ ಎಳೆದ ಹಾಗೆ. ವೈನಿ ತಮ್ಮ ಪ್ಲೇಟನ್ನು ಬೇರೆ ರೀತಿ ಮಾಡಿದ್ದಾರೆ. ಗ್ಯಾಸು ಸೇರುತ್ತ ಸೇರುತ್ತ ಮೇಲೇರುವುದರಿಂದ ಕಾಲುವೆ ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ನಡುನಡುವೆ ಓರೆಯಾದ ಪುಟ್ಟ ಏಣುಗಳು. ನೀರು ಅವಕ್ಕೆ ತಾಗಿ ಸುಳಿ ತಿರುಗಿ, ಮೂಲೆಯಲ್ಲಿ ಕೂತ ಗುಳ್ಳೆಯನ್ನೂ ಎಬ್ಬಿಸಿಕೊಂಡು ಹೋಗಬೇಕು ಎಂದು ಲೆಕ್ಕಾಚಾರ.

ಈ ಮಂಗಳವಾರ ಕಂಪನಿಯಲ್ಲಿ ರಿವ್ಯೂ ಇತ್ತು. ಎರಡರಲ್ಲಿ ಒಂದು ಪ್ಲೇಟನ್ನು ಆರಿಸಿ ಡಿಸೈನ್ 'ಫ್ರೀಜ್' ಮಾಡುವುದು. ಆಮೇಲೆ ಅಚ್ಚು ಹಾಕಿಸಿಬಿಡುತ್ತಾರೆ, ಬದಲಾವಣೆ ಇಲ್ಲ. ವೈನಿಯ ಪ್ಲೇಟು ಸೋತರೆ ಅದು ಕಪಾಟಿಗೆ, ವೈನಿ ಮ್ಯಾನುಯಲ್ ಬರೆಯುವ ಟೇಬಲಿಗೆ. ಹಾಗೆಂದು ಅವರ ಬಾಸ್ ಸಾವಂತ್ ಸರ್ ನಗುನಗುತ್ತಲೇ ತಿಳಿಸಿದ್ದರಂತೆ.

ಅದಕ್ಕೇ ಭಾನುವಾರ ನನಗೆ ಬುಲಾವ್ ಬಂದದ್ದು. "ನೀ ಡಿಬೇಟ್ ಮಾಡಾಕಿ. ಬಂದು ನನ್ನ ಜೋಡಿ ಜಗಳಾ ತಗಿ."

ಇಂಥ ಆಹ್ವಾನ ಬಿಡಲಾದೀತೇ?

ಚೆಂಬೂರಿನ ಅವರ ಅಡುಗೆಮನೆಯಲ್ಲಿ ಕಟ್ಟೆಯ ಮೇಲೆ ಕೂತು ಶುರು ಮಾಡಿದೆ. "ವೈನಿ, ನಾ ಈಗ ನಿಮ್ಮ ನಾದಿನಿ ಅಲ್ರಿ. ಸಾವಂತ್ ಸರ್."

"ಹೌದಾ? ಹಂಗಾರ ಚಹಾ ನೀನs ಮಾಡ್ಕೋ. ಸಾವಂತ್ ಸರ್‌ಗ ನಾ ಚಹಾ ಮಾಡೂದಿಲ್ಲ."

ಹೊರಗಿನಿಂದ ಅಣ್ಣ, "ನಾ ಜಡ್ಜ್" ಅಂದ. ಫೋನಿನಿಂದ ಕಣ್ಣೆತ್ತಿರಲಿಲ್ಲ. (ಎಷ್ಟೋ ಡಿಬೇಟುಗಳಲ್ಲಿ ಜಡ್ಜ್‌ಗಳು ಇರುವುದೂ ಹೀಗೇ.)

ನಾನು ನಾಲಿಗೆ ಮಸೆದೇ ಹೋಗಿದ್ದೆ. ನೇರ ಕಾಲುವೆ ಕೊರೆಯುವುದು ಸುಲಭ, ನಿಮ್ಮದು ಕಷ್ಟ, ಯಾಕೆ ಬೇಕು? ವೈನಿಗೆ ಉತ್ತರ ಇತ್ತು. ನಿಮ್ಮ ಏಣುಗಳ ಹಿಂದೆಯೇ ಗುಳ್ಳೆ ಅಡಗಿ ಕೂತರೆ? ಅದಕ್ಕೂ ಇತ್ತು, ಮೂಲೆಗಳನ್ನು ನಯ ಮಾಡಿದ್ದೇನೆ ಅಂದರು. ಆಮೇಲೆ ನನ್ನ ಕೈಗೆ ತೂತು ಸಿಕ್ಕಿತು.

"ನೀರನ್ನ ಹಿಂಗ ಅಡ್ಡಾದಿಡ್ಡಿ ತಿರುಗಿಸಿದ್ರ ಅದನ್ನ ನೂಕೋ ಪಂಪ್‌ಗ ಕೆಲಸ ಜಾಸ್ತಿ ಆಗೂದಿಲ್ಲೇನ್ರಿ? ಗುಳ್ಳಿ ಕಳಿಸಿ ಉಳಿಸಿದ ಕರೆಂಟ್ ಪಂಪ್ ತಿಂದ್ರ? ಪಂಪಿನ ಕರೆಂಟ್ ಯಾರ ಲೆಕ್ಕಾ?"

ಲಟ್ಟಣಿಗೆ ನಿಂತಿತು. ಚಪಾತಿ ಹಂಚಿನ ಮೇಲೆ ಉಬ್ಬಿ, ಒಂದು ಕಡೆ ಸೀದು, ಹೊಗೆ ಬಂತು.

"ಪಂಪಿಂದು ಯಾರೂ ಲೆಕ್ಕಾ ಹಿಡಿಯೂದಿಲ್ಲ" ಎಂದು ವೈನಿ ಹಂಚು ಇಳಿಸುತ್ತ ಅಂದರು. "ಎಲ್ಲಾರೂ ಸೆಲ್ಲಿಂದಷ್ಟs ನೋಡ್ತಾರ."

"ಹಂಗಾರ ನೀವೂ ಎತ್ತಬ್ಯಾಡ್ರಿ. ನಿಮಗ ತಿರುಗಿ ಬೀಳೂ ಪ್ರಶ್ನೆ ನೀವs ಯಾಕ ಕೊಡ್ತೀರಿ?" ಅಂದೆ. ಇದು ಡಿಬೇಟಿನ ಮೊದಲ ಪಾಠ. ಎರಡನೆಯ ಪಾಠ: ಕೇಳುವವರಿಗೆ ಗೊತ್ತಿರುವ ಚಿತ್ರ ಒಂದನ್ನು ಕೊಡು. ಸಾವಂತ್ ಸರ್ ಎಲ್ಲಿಂದ ಬರುತ್ತಾರೆ? ವಿರಾರ್‌ನಿಂದ! ನಾನು ಗುಳ್ಳೆಯಾದ ಶುಕ್ರವಾರದ ಅವಮಾನವನ್ನು ಬಂದ ಕೂಡಲೇ ವೈನಿಗೆ ಹೇಳಿದ್ದೆ, ಅದು ಆಗ ಕೆಲಸಕ್ಕೆ ಬಂತು. ಬಾಗಿಲಲ್ಲಿ ನಿಂತ ಆಂಟಿಯೇ ಗುಳ್ಳೆ, ಡಬ್ಬಿಯೇ ಪ್ಲೇಟು, ಒಳಗೆ ಸಿಕ್ಕಿಕೊಂಡ ನಾವು ನೀರು ಅನ್ನಿ. ವಿರಾರ್‌ನವರಿಗೆ ಇದಕ್ಕಿಂತ ಬೇಗ ಏನು ಅರ್ಥವಾದೀತು?

ವೈನಿ ಹುಬ್ಬು ಗಂಟಿಕ್ಕಿದರು. "ನೀನs ಗುಳ್ಳಿ ಅಂದಿದ್ದಿ, ಈಗ ನೀರು ಅಂತಿ. ಅದಿರ್ಲಿ, ಮಂದಿಗೆ ಇಳಿಯೂ ಸ್ಟೇಷನ್ ಅಂತ ಒಂದು ಇರತೈತಿ, ಕೂಗ್ತಾರ, ಸರೀತಾರ. ಗುಳ್ಳಿಗೆ ಎಲ್ಲಿ ಸ್ಟೇಷನ್? ಅದಕ್ಕ ಎಲ್ಲಿ ಇಳೀಬೇಕು ಅನ್ನೂದs ಗೊತ್ತಿಲ್ಲ."

"ವೈನಿ, ಅಷ್ಟು ಯಾರೂ ವಿಚಾರ ಮಾಡೂದಿಲ್ಲ. ನಗ್ತಾರ, ಒಪ್ಪತಾರ."

ಅರ್ಧ ಮಾತ್ರ ಸರಿ ಹೇಳಿದ್ದೆ. ನಕ್ಕರು.

ಮಂಗಳವಾರ ಸಂಜೆ ಮಾಟುಂಗ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ವೈನಿ ನನ್ನನ್ನು ಕೂರಿಸಿಕೊಂಡು ಎಲ್ಲ ಹೇಳಿದರು. ಎದುರಿಗೆ ಫಿಲ್ಟರ್ ಕಾಫಿ. ಅದರ ನೊರೆಯನ್ನೇ ದಿಟ್ಟಿಸುತ್ತಿದ್ದರು, ಕುಡಿಯುತ್ತಿರಲಿಲ್ಲ. ಒಂದು ಕಾಲು ಟೇಬಲಿನ ಕೆಳಗೆ ಕುಣಿಯುತ್ತಲೇ ಇತ್ತು.

ರಿವ್ಯೂಗೆ ಸಾವಂತ್ ಸರ್ ಅಲ್ಲದೆ ಗೊಬ್ಬರ ಕಂಪನಿಯೊಂದರಿಂದ ಇಬ್ಬರು ಬಂದಿದ್ದರಂತೆ, ಒಬ್ಬ ಗಂಡಸು, ಒಬ್ಬ ಹೆಂಗಸು. ನಾಳೆ ಈ ಸೆಲ್ ಕೊಳ್ಳಬಹುದಾದವರು. ವೈನಿ ನಾನು ಹೇಳಿಕೊಟ್ಟಂತೆಯೇ ಲೋಕಲ್ ಟ್ರೇನಿನಿಂದ ಶುರು ಮಾಡಿದರು. ಬಾಗಿಲಲ್ಲಿ ನಿಂತವರು, ಇಳಿಯಲಾಗದವರು, ಸತ್ತ ಜಾಗ. ಬಂದಿದ್ದವರು ತಲೆಯಾಡಿಸಿದರು. ಕೆಲಸ ಆಯಿತು ಅನ್ನುವಷ್ಟರಲ್ಲಿ ಸಾವಂತ್ ಸರ್ ಕುರ್ಚಿ ಹಿಂದಕ್ಕೆ ಎಳೆದು ಎದ್ದರು.

"ಅರೇ ಸ್ಮಿತಾ, ಮುಂಬೈ ಮೇ ಕೋಯಿ ಉತರ್ತಾ ಹೈ ಕ್ಯಾ? ಉತಾರಾ ಜಾತಾ ಹೈ! ಪೀಛೇ ಸೇ ಧಕ್ಕಾ, ಬಸ್!"

ಈ ಊರಲ್ಲಿ ಯಾರಾದರೂ ತಾವಾಗಿ ಇಳಿಯುತ್ತಾರೇನು? ಹಿಂದಿನವರು ನೂಕಿ ಇಳಿಸುತ್ತಾರೆ! ಗಾಳಾ ಅಲ್ಲಾಡುವಂತೆ ಎಲ್ಲರೂ ನಕ್ಕರಂತೆ. ಬಂದಿದ್ದವರೂ ನಕ್ಕರಂತೆ. ನಗು ಮುಗಿಯುವ ಮೊದಲೇ ಸಾವಂತ್ ಸರ್ ತೀರ್ಮಾನವನ್ನೂ ಹೇಳಿ ಮುಗಿಸಿದ್ದರು: ನೇರ ಕಾಲುವೆ ಸಾಕು, ಪಂಪ್ ದೊಡ್ಡದು ಹಾಕೋಣ. ಧಕ್ಕಾ ಬಿದ್ದರೆ ಗುಳ್ಳೆಯೇನು, ಗುಳ್ಳೆಯ ಅಪ್ಪನೂ ಏಳುತ್ತಾನೆ.

ನಾನು ಕೊಟ್ಟ ಹೋಲಿಕೆಯನ್ನೇ ತಿರುಗಿಸಿ ಅವರು ವೈನಿಗೆ ಹೊಡೆದಿದ್ದರು. ಹೋಲಿಕೆಗೆ ಹಿಡಿ ಎರಡೂ ಕಡೆ ಇರುತ್ತದೆ. ಯಾರ ಕೈ ಬಲವೋ ಅವರದ್ದು.

ಆದರೆ ಒಂದು ಮಾತು ಕೇಳುತ್ತೇನೆ. ಸಾವಂತ್ ಸರ್ ಹೇಳಿದ್ದು ಪೂರ್ತಿ ತಪ್ಪೇ? ಅಲ್ಲ. ನೀರನ್ನು ಜೋರಾಗಿ ನೂಕಿದರೆ ಗುಳ್ಳೆಗಳು ಏಳುತ್ತವೆ, ವೈನಿಯೇ ಒಪ್ಪುತ್ತಾರೆ. "ಖರೆ, ಏಳತಾವು. ಆದರ ನೀರು ಶಾಣ್ಯಾ ಐತಿ. ಜೋರು ಮಾಡಿದ್ರ ಸಲೀಸಾದ ಹಾದಿ ಹಿಡದು ಇನ್ನೂ ಜೋರಾಗಿ ಓಡತೈತಿ. ಮೂಲ್ಯಾಗ ಕೂತದ್ದು ಅಲ್ಲೇ ಕೂಡತೈತಿ. ಅದನ್ನ ಎಬ್ಬಿಸಾಕ ಇನ್ನೂ ದೊಡ್ಡ ಪಂಪ್."

"ಹಂಗಂತ ಅಲ್ಲಿ ಹೇಳಿದ್ರಿಲ್ಲೋ?"

"ಎಲ್ಲಿ ಹೇಳಲಿ? ಎಲ್ಲಾರೂ ನಗಾಕತ್ತಿದ್ರು. ನಗೂ ಮಂದಿ ಮುಂದ ಪ್ಲೇಟ್ ತೋರಸ್ಲ್ಯಾ?"

ನಾನು ಒಪ್ಪಿಕೊಂಡೆ. (ಅಪರೂಪ. ದಾಖಲಿಸಿಕೊಳ್ಳಿ.) ಡಿಬೇಟಿನಲ್ಲಿ ಸಭೆ ನಕ್ಕ ಮೇಲೆ ಸತ್ಯಕ್ಕೆ ಮೈಕ್ ಸಿಗುವುದಿಲ್ಲ. ನಾನು ಎಷ್ಟೋ ಕಪ್ಪುಗಳನ್ನು ಗೆದ್ದದ್ದು ಹಾಗೇ. ಆ ಕಡೆ ಕುಳಿತವರಿಗೆ ಹೇಗಿರುತ್ತದೆ ಎಂದು ಈಗ ಮಸಾಲೆ ದೋಸೆ ತಣ್ಣಗಾಗುವುದನ್ನು ನೋಡುತ್ತ ತಿಳಿಯಿತು.

"ಮತ್ತ ಏನ್ ಮಾಡಿದ್ರಿ?"

ವೈನಿಯ ಕಾಲು ಕುಣಿಯುವುದು ನಿಂತಿತು. "ನೀ ಎತ್ತಬ್ಯಾಡ ಅಂದಿದ್ದೆಲ್ಲ? ಅದನ್ನs ಎತ್ತಿದೆ."

ನಡೆದದ್ದು ಹೀಗೆ. ಎಲ್ಲರೂ ಏಳುತ್ತಿದ್ದರು. ವೈನಿಯ ಕಣ್ಣು ಗೋಡೆಯ ಮೇಲೆ ಬಿತ್ತು. ಸೆಲ್ಲಿಗೆ ಹೋಗುವ ಕರೆಂಟು ದೊಡ್ಡ ಮೀಟರ್ ದಾಟಿ ಹೋಗುತ್ತದೆ, ಅದರ ಕೆಂಪು ಅಂಕಿಗಳನ್ನೇ ಬಂದವರಿಗೆ ತೋರಿಸುವುದು. ಪಂಪಿನ ವೈರು ಮಾತ್ರ ಆ ಕಡೆ ಹೋಗುತ್ತಿರಲಿಲ್ಲ. ಅದು ಕಿಟಕಿ ಪಕ್ಕದ ಬೋರ್ಡಿಗೆ ಹೋಗುತ್ತಿತ್ತು. ಚಹಾದ ಕೆಟಲ್ ಹಾಕುವ ಬೋರ್ಡಿಗೆ. ಮೊದಲ ದಿನದಿಂದ ಅಲ್ಲೇ ಇತ್ತು. ವೈನಿಯೂ ಅದೇ ಬೋರ್ಡಿನಲ್ಲಿ ಎಷ್ಟೋ ಸಲ ಫೋನ್ ಚಾರ್ಜಿಗೆ ಹಾಕಿದ್ದಾರೆ. ಯಾರೂ ಕದ್ದದ್ದಲ್ಲ, ಮುಚ್ಚಿಟ್ಟದ್ದಲ್ಲ. ಎಲ್ಲರ ಕಣ್ಣೆದುರು ಇದ್ದದ್ದರಿಂದಲೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಸರ್, ಧಕ್ಕಾ ಕಾ ಬಿಲ್ ಕೌನ್ ಭರೇಗಾ?" ಎಂದು ವೈನಿ ಕೇಳಿದರಂತೆ. ನೂಕುವವನ ಬಿಲ್ಲು ಯಾರು ಕಟ್ಟುವುದು? ಆಮೇಲೆ ಕೆಟಲ್‌ನ ಬೋರ್ಡಿನತ್ತ ಕೈ ತೋರಿಸಿದರು.

ಈ ಸಲ ಯಾರೂ ನಗಲಿಲ್ಲ.

ಸಾವಂತ್ ಸರ್, ಪಂಪ್ ಅನ್ನುವುದು ಹೊರಗಿನ ಸಾಮಾನು, ಅದನ್ನು ಯಾರೂ ಸೆಲ್ಲಿನ ಲೆಕ್ಕಕ್ಕೆ ಸೇರಿಸುವುದಿಲ್ಲ ಅಂದರು. ಗೊಬ್ಬರ ಕಂಪನಿಯ ಹೆಂಗಸು ಹೊರಟವರು ಚೀಲವನ್ನು ಮತ್ತೆ ಟೇಬಲಿನ ಮೇಲಿಟ್ಟರು. "ನೀವು ಸೇರಿಸಬೇಡಿ. ನಮ್ಮ ಫ್ಯಾಕ್ಟರಿಯಲ್ಲಿ ಅದೂ ನಮ್ಮ ಬಿಲ್ಲಿಗೇ ಬರುತ್ತದಲ್ಲ?" ಎಂದು ಶಾಂತವಾಗಿ ಇಂಗ್ಲಿಷಿನಲ್ಲಿ ಕೇಳಿದರು.

ಡಿಸೈನ್ ಫ್ರೀಜ್ ಆಗಲಿಲ್ಲ. ಬರುವ ಸೋಮವಾರ ಎರಡೂ ಪ್ಲೇಟುಗಳನ್ನು ಅವುಗಳ ಪಂಪುಗಳ ಸಮೇತ ಒಂದೇ ಮೀಟರಿಗೆ ಹಾಕಿ, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಲ್ಲಿಸದೆ ಓಡಿಸುವುದೆಂದು ತೀರ್ಮಾನವಾಯಿತು.

ನಾನು ಮಾಟುಂಗದ ಆ ಹೋಟೆಲೇ ತಿರುಗಿ ನೋಡುವಂತೆ ಚಪ್ಪಾಳೆ ತಟ್ಟಿದೆ. ವೈನಿ ನನ್ನ ಕೈ ಹಿಡಿದು ಕೆಳಗಿಳಿಸಿದರು.

"ಸುಮ್ಕಿರs ತಾಯಿ. ನನ್ನ ಪಂಪೂ ಅದs ಮೀಟರಿಗೆ ಬರತೈತಿ. ನೀ ಭಾನುವಾರ ಕೇಳಿದ್ದು ಸುಳ್ಳಲ್ಲ. ಆ ಏಣು ನೀರನ್ನ ತಡೀತಾವು. ಎಷ್ಟು ತಡೀತಾವು, ಎಷ್ಟು ಉಳಸ್ತಾವು, ಇಡೀ ದಿನಾ ಯಾವತ್ತೂ ನೋಡಿಲ್ಲ. ನಾ ಸೋಲಬಹುದು."

"ಸೋತ್ರ?"

"ಸೋತ್ರ ಸೋಲ್ತೀನಿ. ಆದರ ನಗೀಗೆ ಸೋಲೂದಿಲ್ಲ. ಮೀಟರಿಗೆ ಸೋಲ್ತೀನಿ."

ಅಷ್ಟು ಹೇಳಿ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಅವರು ಚೆಂಬೂರಿಗೆ, ನಾನು ದಾದರ್‌ನಲ್ಲಿ ಗಾಡಿ ಬದಲಿಸಿ ಬೊರಿವಲಿಗೆ. ಈ ಸಲ ಬೊರಿವಲಿ ಲೋಕಲ್ಲೇ ಹಿಡಿದೆ. (ಆಂಟಿ, ಎಲ್ಲಿದ್ದರೂ ಖುಷಿಪಡಿ.) ಅಲ್ಲೂ ಹತ್ತಲಿಲ್ಲ, ಹತ್ತಿಸಲ್ಪಟ್ಟೆ. ಬೆನ್ನಿಗೊಂದು ಟಿಫಿನ್ ಡಬ್ಬಿ, ಪಕ್ಕೆಗೊಂದು ಬ್ಯಾಗಿನ ಮೂಲೆ, ಕಿವಿಗೆ ಯಾರದೋ ಸೊಪ್ಪಿನ ಕಟ್ಟು. ನಿಂತಲ್ಲೇ ಮನಸ್ಸು ಮಾತ್ರ ಸುಮ್ಮನಿರಲಿಲ್ಲ, ಆ ಕೆಟಲ್‌ನ ಬೋರ್ಡು ಕಣ್ಣಿನಿಂದ ಹೋಗಲಿಲ್ಲ.

ಗಾಡಿಯಲ್ಲಿ ನಾವು ಆಂಟಿಯರನ್ನು ಬೈಯುತ್ತೇವೆ. ಆಂಟಿಯರು ನಮ್ಮನ್ನು ಬೈಯುತ್ತಾರೆ. ವೈನಿ ಮಾತ್ರ ಗುಳ್ಳೆಯನ್ನು ಎಂದೂ ಬೈದದ್ದು ಕೇಳಿಲ್ಲ. ಗುಳ್ಳೆಗೆ ಸ್ಟೇಷನ್ ಇಲ್ಲ, ಹಟ ಇಲ್ಲ, ಮರ್ಯಾದೆಯೂ ಇಲ್ಲ. ಬೈದು ಏನು ಮಾಡುವುದು? ಅದಕ್ಕೇ ಅವರು ಕಾಲುವೆಯನ್ನು ಬೇರೆ ರೀತಿ ಕೊರೆಯುತ್ತಾರೆ. ನನ್ನ ಹೋಲಿಕೆ ಮುರಿದದ್ದು ಸರಿಯಾಗಿ ಇಲ್ಲೇ, ಭಾನುವಾರ ಚಪಾತಿ ಸೀಯುವಾಗಲೇ ವೈನಿ ಅದನ್ನು ಹೇಳಿದ್ದರು. ನಾನು ಗೆಲ್ಲುವ ಆತುರದಲ್ಲಿದ್ದೆ.

ಈ ಊರಿಗೆ ಗೊತ್ತಿರುವುದು ಒಂದೇ ಉಪಾಯ. ನೂಕು. ಬಾಗಿಲು ಕಿರಿದೇ? ನೂಕು. ಸೇತುವೆ ಸಾಲದೇ? ನೂಕು. ಮಳೆಗೆ ಹಳಿ ಮುಳುಗಿತೇ? ಪ್ಯಾಂಟು ಮಡಚಿ ನಡೆ, ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿನಲ್ಲಿರು. ನಾವು ನಡೆದುಬಿಡುತ್ತೇವೆ, ಅದೇ ತೊಂದರೆ. ಸ್ಟೇಷನ್ನಿನ ಮೈಕು 'ಖೇದ್ ಹೈ', ವಿಷಾದಿಸುತ್ತೇವೆ ಅನ್ನುತ್ತದೆ. ಮರುದಿನ ಪೇಪರು, ಟಿವಿ, ಮಂತ್ರಿಗಳು ಎಲ್ಲರೂ ಒಂದೇ ಕೊರಳಿನಲ್ಲಿ ಹೊಗಳುತ್ತಾರೆ: ನೋಡಿ, ಎಂಥ ಊರು! ಎಂಥ 'ಮುಂಬೈ ಸ್ಪಿರಿಟ್'!

ನಾನೂ ಎಷ್ಟೋ ಸಲ ಆ ಮಾತಿಗೆ ಎದೆಯುಬ್ಬಿಸಿದ್ದೇನೆ. ಇನ್ನು ಕಷ್ಟ. ಗಾಡಿ ಹೊತ್ತಿಗೆ ಬಂದಿತೇ, ಎಷ್ಟು ಜನ ಹತ್ತಿದರು, ಇದೆಲ್ಲ ಮೀಟರ್‌ನಲ್ಲಿ ಬರುತ್ತದೆ. ಮನೆ ಮುಟ್ಟಿ ಚಪ್ಪಲಿ ಬಿಡುವಾಗ ಉಳಿದಿರುವ ನಮ್ಮ ಕಾಲು, ಸೊಂಟ, ಸಿಟ್ಟು, ಮಕ್ಕಳೊಡನೆ ಆಡದ ಮಾತು? ಅದು ಯಾವ ಅಂಕಿಯಲ್ಲೂ ಇಲ್ಲ. ನೂಕುವುದೂ ನಾವೇ, ನೂಕಿಸಿಕೊಳ್ಳುವುದೂ ನಾವೇ. ಇಷ್ಟು ಅಗ್ಗದ ಪಂಪು ಜಗತ್ತಿನಲ್ಲಿ ಇನ್ನೆಲ್ಲಿ ಸಿಗುತ್ತದೆ? ಇದು ಸಿಗುತ್ತಿರುವವರೆಗೆ ಕಾಲುವೆಯನ್ನು ತಿದ್ದುವ ತಲೆನೋವು ಯಾರಿಗೆ ಬೇಕು?

ಸೋಮವಾರ ವೈನಿ ಗೆಲ್ಲುತ್ತಾರೋ ಸೋಲುತ್ತಾರೋ ಗೊತ್ತಿಲ್ಲ. ಇದನ್ನು ಬರೆಯುವ ಹೊತ್ತಿಗೆ ಅವರು ಗಾಳಾದಲ್ಲಿ ಉದ್ದನೆಯ ವೈರು ಎಳೆಯುತ್ತಿದ್ದಾರೆ, ಕಿಟಕಿಯಿಂದ ಮೀಟರಿನವರೆಗೆ. ಅಣ್ಣ ಫೋನ್ ಮಾಡಿ, "ಇಕಿ ರಾತ್ರಿ ನಿದ್ದಿ ಮಾಡವಲ್ಲಳು, ನೀ ಏನ್ ಹೇಳಿ ಕೊಟ್ಟಿ?" ಎಂದು ನನ್ನನ್ನೇ ಗದರಿದ. ನಾನು ಹೇಳಿಕೊಟ್ಟದ್ದೆಲ್ಲ ಕೆಲಸಕ್ಕೆ ಬರಲಿಲ್ಲಣ್ಣ, ಕೇಳಿದ ಪ್ರಶ್ನೆ ಬಂತು ಅಂದೆ. ಅವನಿಗೆ ತಿಳಿಯಲಿಲ್ಲ. ಪರವಾಗಿಲ್ಲ, ಅವನು ಜಡ್ಜ್.

ಆದರೆ ಈ ಮಳೆಗಾಲದಲ್ಲಿ ಯಾರಾದರೂ ಮತ್ತೆ ಮೈಕ್ ಹಿಡಿದು 'ಮುಂಬೈ ಸ್ಪಿರಿಟ್' ಅಂದರೆ ದಯವಿಟ್ಟು ಚಪ್ಪಾಳೆಗೆ ಮೊದಲು ಒಂದು ಪ್ರಶ್ನೆ ಕೇಳಿ:

ಸ್ವಾಮಿ, ಅದರ ಪ್ಲಗ್ ಯಾವ ಬೋರ್ಡಿನಲ್ಲಿದೆ?